ಔರಾದ ದಾರಿಯ ಕವಲಿನಲ್ಲಿ ಇಬ್ಬರು ಅಮೆರಿಕನ್ನರು

ಡಾಕ್ಟರ್ ಮಿಸ್ಸಮ್ಮ ತಮ್ಮ ದೇಶವಾದ ಅಮೆರಿಕಕ್ಕೆ ಹೊರಡುವ ಮುಂಚೆ ನನ್ನನ್ನು ಕರೆದು ಎರಡು ಪುಸ್ತಕ ಕೊಟ್ಟರು. ಒಂದು ತೆಳ್ಳಗಿತ್ತು, ಇನ್ನೊಂದು ದಪ್ಪ. ಎರಡೂ ಅವರ ದೇಶದ ಈ ಕಾಲದ ಕಥೆಗಾರರವು. ‘ಓದಿ ನೋಡು. ಇಬ್ಬರ ಶೈಲಿ, ಇಬ್ಬರ ಸಂಕೇತ, ಹೋಲಿಸಿ ನನಗೊಂದು ಕಾಗದ ಬರೆ’ ಎಂದರು. ಅವರು ಬೀದರಿನ ಮಿಷನ್ ಆಸ್ಪತ್ರೆಯ ಡಾಕ್ಟರು. ನನ್ನ ಅವ್ವ ಅದೇ ಆಸ್ಪತ್ರೆಯಲ್ಲಿ ನರ್ಸು. ನಾನು ಭಾಲ್ಕಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ನಿಜಾಮರ ಸಂಸ್ಥಾನ ಹೋಗಿ ಹೈದರಾಬಾದ್ ರಾಜ್ಯ ಬಂದು ಐದು ವರ್ಷವಾಗಿತ್ತು. ಉರ್ದುವಿನಲ್ಲಿ ಕಲಿತ ನಾನು ಕನ್ನಡದಲ್ಲಿ ಪಾಠ ಮಾಡುತ್ತಿದ್ದೆ, ಇಂಗ್ಲಿಷಿನಲ್ಲಿ ಕಥೆ ಓದುತ್ತಿದ್ದೆ.

ಆ ಕಾಗದವನ್ನು ಎಷ್ಟೋ ಸಲ ಶುರು ಮಾಡಿ ಹರಿದಿದ್ದೇನೆ. ಇದೂ ಅದೇ ಕಾಗದ ಅಂದುಕೊಳ್ಳಿ. ಓದಬೇಕಾದವರು ಈಗ ಇಲ್ಲ. ಇದ್ದಿದ್ದರೂ ಅವರು ಕೇಳಿದ್ದು ಹೋಲಿಕೆ, ನನ್ನ ಹತ್ತಿರ ಉಳಿದಿರುವುದು ಒಂದು ರಸ್ತೆ.

ಸೋಮವಾರ ಬೀದರಿನಿಂದ ಭಾಲ್ಕಿಗೆ, ಶನಿವಾರ ಭಾಲ್ಕಿಯಿಂದ ಬೀದರಿಗೆ ರೈಲು. ಪುಸ್ತಕ ಓದಿದ್ದೆಲ್ಲ ಆ ರೈಲಿನಲ್ಲೇ. ತೆಳ್ಳಗಿನ ಪುಸ್ತಕದವನು ಹೇಳುವುದಕ್ಕಿಂತ ಬಿಡುವುದು ಹೆಚ್ಚು. ಅವನ ಒಂದು ಕಥೆಯಲ್ಲಿ ಗಂಡ ಹೆಂಡತಿ ಹೊಳೆಯ ದಡದಲ್ಲಿ ದೋಣಿಗೆ ಕಾಯುತ್ತಾರೆ. ಅವನು ಟಿಕೆಟನ್ನು ಮಡಚುತ್ತಾನೆ, ಬಿಚ್ಚುತ್ತಾನೆ, ಮತ್ತೆ ಮಡಚುತ್ತಾನೆ. ಅವಳು ಬಿಸಿಲು ಜಾಸ್ತಿ ಅನ್ನುತ್ತಾಳೆ. ದೋಣಿ ಬರುತ್ತದೆ. ಅವರ ಮಗು ಸತ್ತಿದೆ ಎಂದು ಎಲ್ಲಿಯೂ ಬರೆದಿಲ್ಲ. ಆದರೆ ಓದಿ ಮುಗಿಸಿ ತಲೆ ಎತ್ತಿದಾಗ ಹಲಬರ್ಗಾ ಸ್ಟೇಷನ್ನಿನಲ್ಲಿ ಒಬ್ಬಾತ ಟಿಕೆಟ್ ಮಡಚುತ್ತ ನಿಂತಿದ್ದ. ನನಗೆ ಅವನ ಮಗುವಿನ ಬಗ್ಗೆ ಭಯವಾಯಿತು.

ದಪ್ಪ ಪುಸ್ತಕದವನ ವಾಕ್ಯ ಬೀದರಿನಲ್ಲಿ ಹತ್ತಿದರೆ ಭಾಲ್ಕಿಯಲ್ಲಿ ಇಳಿಯುತ್ತಿತ್ತು. ನಡುವೆ ಅಜ್ಜ ಬಂದ, ಅಜ್ಜನ ಕುದುರೆ ಬಂತು, ಸೋತ ಯುದ್ಧ ಬಂತು, ಗೋಡೆಯ ವಾಸನೆ ಬಂತು. ಒಂದು ಮುರಿದ ಗೇಟಿನ ಮೇಲೆ ಅವನು ಮೂವತ್ತು ಪುಟ ಬರೆದಿದ್ದ. ತೆಳ್ಳಗಿನವನಲ್ಲಿ ಟಿಕೆಟ್ ಕೊನೆಯವರೆಗೂ ಬರೀ ಟಿಕೆಟ್. ಪುಸ್ತಕ ಮುಚ್ಚಿದ ಮೇಲೆ ಅದು ಬೇರೆ ಏನೋ ಆಗುತ್ತದೆ. ದಪ್ಪದವನಲ್ಲಿ ಗೇಟು ಮೊದಲ ಸಾಲಿನಿಂದಲೇ ಗೇಟಲ್ಲ, ಅದು ಆ ಊರಿನ ನಾಯಿಗೂ ಗೊತ್ತು.

ನಾನು ತೆಳ್ಳಗಿನವನ ಕಡೆ ವಾಲಿದ್ದೆ. ಇಪ್ಪತ್ತು ವರ್ಷದವಳಿಗೆ ಬಿಡುವುದೇ ಕಲೆ ಅನ್ನಿಸುತ್ತದೆ. ಅಥವಾ ನನಗೆ ಬಿಡಲು ಬೇರೆ ಕಾರಣವಿತ್ತು. ಅದಕ್ಕೆ ಬರುತ್ತೇನೆ, ಈಗಲೇ ಬಂದರೆ ಮತ್ತೆ ಹರಿದು ಹಾಕುತ್ತೇನೆ.

ಒಂದು ಶನಿವಾರ ಮನೆಗೆ ಬಂದಾಗ ಅವ್ವನ ಎದುರು ದರ್ಜಿ ಚಾಚಾನ ಹೆಂಡತಿ ಕೂತಿದ್ದಳು. ಚಾಚಾ ಔರಾದದವನು. ತಿಂಗಳಿಗೊಮ್ಮೆ ಬೀದರಿಗೆ ಬಂದು ಆಸ್ಪತ್ರೆಯ ಏಪ್ರನ್ನು, ಹಾಸಿಗೆ ಬಟ್ಟೆ ಎಲ್ಲ ಹೊಲಿಯಲು ಒಯ್ಯುತ್ತಿದ್ದ. ಭಾರತದ ಸೈನ್ಯ ಬಂದ ಪೊಲೀಸ್ ಕಾರ್ಯಾಚರಣೆಯ ಮುಂದಿನ ವಾರ, ಊರೂರಲ್ಲಿ ಮುಸಲ್ಮಾನರ ಮೇಲೆ ದಾಳಿ ನಡೆಯುವಾಗ, ಬೀದರಿನಿಂದ ಹೊರಟವನು ಮನೆ ಮುಟ್ಟಿರಲಿಲ್ಲ. ಹೆಣ ಸಿಗಲಿಲ್ಲ, ಸುದ್ದಿಯೂ ಸಿಗಲಿಲ್ಲ. ಐದು ವರ್ಷದ ಮೇಲೆ ಈಗ ಚಾಚಿಗೆ ಕಚೇರಿಯಿಂದ ಕಾಗದ ಬಂದಿತ್ತು: ಮನೆಯ ಯಜಮಾನ ದೇಶ ಬಿಟ್ಟು ಪಾಕಿಸ್ತಾನಕ್ಕೆ ಹೋಗಿದ್ದಾನೆಂದು ತಿಳಿದುಬಂದಿದೆ, ಅವನು ಹೋಗಿಲ್ಲವೆಂದು ತೋರಿಸದಿದ್ದರೆ ಮನೆ ಸರಕಾರದ್ದು.

‘ಎಲ್ಲಿಗೆ ಹೋಗ್ತಾರ ಅವರು?’ ಚಾಚಿ ಹೇಳುತ್ತಿದ್ದಳು. ‘ಭಾಲ್ಕಿಗೆ ಹೋದ್ರ ಎರಡನೇ ದಿನಕ್ಕ ನನ್ನ ಕೈಯಾಗಿನ ರೊಟ್ಟಿ ಬೇಕು ಅಂತ ಓಡಿ ಬರ್ತಿದ್ರು. ಲಗ್ನ ಆದ ವರ್ಷ ಹೈದರಾಬಾದಿಗೆ ಹೋಗಿದ್ರು, ಅಲ್ಲಿ ನೀರು ಸಪ್ಪಗದ ಅಂತ ಮೂರು ದಿನಕ್ಕ ವಾಪಸ್ ಬಂದ್ರು. ಅಂಥಾವ್ರು ಸಮುದ್ರ ದಾಟ್ತಾರಾ?’

‘ನನ್ನ ಮಗಳು ಅವತ್ತು ಅವರ ಹಿಂದ ಹೋಗಿದ್ದಳು’ ಎಂದಳು ಅವ್ವ. ‘ಆದ್ರ ಸಿಗಲಿಲ್ಲ.’

‘ನಾ ನೋಡೀನಿ’ ಎಂದೆ. ‘ಬೇವಿನ ಮರದ ಹತ್ರ, ದಾರಿ ಕವಲಿನ್ಯಾಗ. ಸ್ಟೇಷನ್ ಕಡಿ ಹೋಗಲಿಲ್ಲ ಅವರು, ಔರಾದ ದಾರಿಗೇ ಹೋದ್ರು.’

ಅವ್ವ ನನ್ನ ಮುಖ ನೋಡಿದಳು. ಎದ್ದು ಚಹಾಕ್ಕೆ ಇಟ್ಟಳು. ಚಾಚಿ ಮಾತ್ರ ನನ್ನ ಎರಡೂ ಕೈ ಹಿಡಿದುಕೊಂಡು, ‘ಬೇಟಿ, ಇಷ್ಟೇ ಬರ್ದು ಕೊಡು. ಔರಾದ ದಾರಿಗೆ ಹೋದ್ರು ಅಂತ. ನನ್ನ ಮನಿ ಉಳೀತದ’ ಎಂದಳು.

ಇಲ್ಲಿ ಓದುಗರು ಹೇಳಬಹುದು: ಅವ್ವ ತೆಳ್ಳಗಿನ ಪುಸ್ತಕ, ಚಾಚಿ ದಪ್ಪ ಪುಸ್ತಕ. ನನಗೂ ಆಗ ಹಾಗೇ ಹೊಳೆದು ಖುಷಿಯಾಗಿತ್ತು. ಬಹಳ ನೀಟಾಗಿ ಕೂರುತ್ತದೆ, ಅದಕ್ಕೇ ನನಗೆ ಅದರ ಮೇಲೆ ನಂಬಿಕೆಯಿಲ್ಲ. ಚಾಚಿಯೂ ಎಷ್ಟೋ ಬಿಟ್ಟೇ ಹೇಳುತ್ತಿದ್ದಳು. ಆ ವಾರ ಔರಾದದಲ್ಲಿ ತಾನೇನು ಕಂಡೆ ಎಂದು ಅವಳು ಒಮ್ಮೆಯೂ ಹೇಳಲಿಲ್ಲ.

ಮರುದಿನ ಅವಳ ಜೊತೆ ಔರಾದಕ್ಕೆ ಹೋದೆ. ಮನೆ ನೋಡಿ ಬರೆದರೆ ಚೆನ್ನಾಗಿರುತ್ತದೆ ಎಂದು ನೆಪ ಹೇಳಿದೆ. ಬಸ್ಸು ಮಾಂಜ್ರಾ ದಾಟುವಾಗ ಚಾಚಿ ಹೊಳೆಯ ಕಡೆ ನೋಡದೆ ಸೆರಗಿನ ಅಂಚು ನೋಡುತ್ತ ಕೂತಳು. ಮನೆ ಎಂದರೆ ಒಂದು ಪಡಸಾಲೆ, ಒಂದು ಕೋಣೆ. ಪಡಸಾಲೆಯ ಮೂಲೆಯಲ್ಲಿ ಹೊಲಿಗೆ ಮಷೀನು, ಮೇಲೆ ಬಿಳಿ ಬಟ್ಟೆ. ಗೋಡೆಯ ಮೊಳೆಗಳಲ್ಲಿ ಗೊಂಚಲು ಗೊಂಚಲಾಗಿ ದಾರಗಳು. ಚಾಚಾನಿಗೆ ಅಕ್ಷರ ಬರುತ್ತಿರಲಿಲ್ಲ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ದಾರ. ತೋಳಿಗೊಂದು ಗಂಟು, ಎದೆಗೊಂದು, ಉದ್ದಕ್ಕೊಂದು. ಯಾರದೆಂದು ಗುರುತಿಗೆ ತುದಿಯಲ್ಲಿ ಅವರದೇ ಬಟ್ಟೆಯ ಚೂರು. ಹೆಂಗಸರನ್ನು ಅವನು ತಾನು ಅಳೆಯುತ್ತಿರಲಿಲ್ಲ. ಬಾಗಿಲ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಮನೆಯ ಹುಡುಗಿ ದಾರ ಹಿಡಿದು ಅಳೆದು, ಬೆರಳಿನಿಂದ ಚಿವುಟಿ ತಂದುಕೊಟ್ಟರೆ ಅಲ್ಲಿ ಗಂಟು ಹಾಕುತ್ತಿದ್ದ. ನಮ್ಮ ಮನೆಯಲ್ಲಿ ಆ ಹುಡುಗಿ ನಾನು.

ನಾನು ನಿಂತು ಮಷೀನನ್ನು ನೋಡಿದೆ. ಆ ಬಿಳಿ ಬಟ್ಟೆ ಹೆಣಕ್ಕೆ ಹೊದಿಸುವ ಕಫನ್ ಹಾಗೆ ಕಂಡಿತು. ದಪ್ಪ ಪುಸ್ತಕದವನಿಗೆ ಇದೊಂದೇ ಸಾಕು, ಮೂವತ್ತು ಪುಟ. ಮೆಲ್ಲಗೆ ಕೇಳಿದೆ, ‘ಚಾಚಿ, ಅವತ್ತಿನಿಂದ ಹೀಂಗೇ ಮುಚ್ಚಿ ಇಟ್ಟೀರಾ?’

‘ಧೂಳ ಬರ್ತದಲ್ಲ ಬೇಟಿ’ ಎಂದಳು. ‘ರಸ್ತಾದ ಬಾಜೂಕೇ ಮನಿ. ನೀನೂ ಆ ಕಡಿ ಸರದು ಕೂಡು, ಸೀರಿ ಹೊಲಸಾಗ್ತದ.’

ಭಾಲ್ಕಿಗೆ ಮರಳಿ ಹೇಳಿಕೆ ಬರೆದೆ. ನಾಲ್ಕು ದಿನ ತಿದ್ದಿದೆ. ಒಂದೊಂದು ಪದ ತೆಗೆದಾಗಲೂ ಅದು ಚಂದವಾಗುತ್ತಿತ್ತು. ಕೊನೆಗೆ ಉಳಿದದ್ದು ಇಷ್ಟು: ‘ಆ ದಿನ ಬೆಳಿಗ್ಗೆ ಅವರನ್ನು ಬೇವಿನ ಮರದ ಕವಲಿನಲ್ಲಿ ನೋಡಿದೆ. ಕೈಯಲ್ಲಿ ಮೂಟೆ ಇತ್ತು. ಅವರು ಔರಾದ ದಾರಿ ಹಿಡಿದರು. ಆಮೇಲೆ ಯಾರೂ ಅವರನ್ನು ನೋಡಲಿಲ್ಲ.’ ಓದಿಕೊಂಡು ನನಗೇ ಮೆಚ್ಚುಗೆಯಾಗಿ ಇನ್ನೊಮ್ಮೆ ಓದಿದೆ. ಆ ಮೂಟೆಯಲ್ಲಿ ಏನಿತ್ತೆಂದು ಬರೆಯದೆ ಇದ್ದದ್ದೇ ಅದರ ಶಕ್ತಿ ಎಂದು ನಂಬಿದೆ. ಹೇಳದೆ ಬಿಟ್ಟದ್ದನ್ನು ಓದುವವನು ಎದೆಯಲ್ಲಿ ತುಂಬಿಕೊಳ್ಳುತ್ತಾನೆ ಎಂದು ಡಾಕ್ಟರ್ ಮಿಸ್ಸಮ್ಮನಿಗೆ ಬರೆಯಲು ಹೊರಟು ಹರಿದ ಕಾಗದದಲ್ಲೂ ಹಾಕಿದ್ದೆ.

ಕಚೇರಿಯ ಅಧಿಕಾರಿ ಓದಿದ. ಅವನೂ ತುಂಬಿಕೊಂಡ.

ಹದಿನೈದು ದಿನದ ಮೇಲೆ ಚಾಚಿಯ ಕೈಗೆ ಉತ್ತರ ಬಂತು. ಸಾಕ್ಷಿಯೇ ಹೇಳಿರುವಂತೆ ಸದರಿ ವ್ಯಕ್ತಿ ತನ್ನ ಸಾಮಾನು ಕಟ್ಟಿಕೊಂಡು ಹೊರಟಿದ್ದಾನೆ. ಔರಾದ ದಾರಿಯಿಂದ ಮುಂದೆ ಎಲ್ಲಿಗೂ ಹೋಗಬಹುದು. ಆ ದಿನಗಳಲ್ಲಿ ಮಿಷನ್ ಆವರಣದ ಹುಡುಗಿ ಒಬ್ಬಳೇ ಕವಲಿನಲ್ಲಿ ಏಕಿದ್ದಳು ಎಂಬುದೂ ತಿಳಿಯುವುದಿಲ್ಲ. ಇನ್ನೊಂದು ಸಲ ಅವಕಾಶ ಕೊಟ್ಟಿದೆ. ಮುಂದಿನ ವಿಚಾರಣೆಯಲ್ಲಿ ತೃಪ್ತಿಯಾಗದಿದ್ದರೆ ಮನೆ ಬಿಡತಕ್ಕದ್ದು.

ಬೀದರಿನ ಕಚೇರಿಯ ಮುಂದೆ ಒಬ್ಬ ಮುನ್ಷಿ ಕೂರುತ್ತಿದ್ದ. ಚಾಪೆ, ಮರದ ಪೆಟ್ಟಿಗೆ, ಅದರ ಮೇಲೆ ಕಾಗದ. ಮೂವತ್ತು ವರ್ಷ ಉರ್ದುವಿನಲ್ಲಿ ಅರ್ಜಿ ಬರೆದವನು ಈಗ ಮಗನಿಂದ ಇಂಗ್ಲಿಷ್ ವಾಕ್ಯ ಬರೆಸಿಕೊಂಡು ನಕಲು ಮಾಡುತ್ತಿದ್ದ. ಚಾಚಿಯನ್ನು ಕರೆದುಕೊಂಡು ಅವನ ಹತ್ತಿರ ಹೋದೆ. ನನ್ನ ಹೇಳಿಕೆಯ ನಕಲನ್ನು ಅವನು ಕನ್ನಡಕ ಏರಿಸಿ ಓದಿದ, ಹಾಳೆ ತಿರುಗಿಸಿ ಹಿಂದೆಯೂ ನೋಡಿದ.

‘ಬಾಕಿದು ಎಲ್ಲದ ಟೀಚರ್ ಬಾಯಿ?’

‘ಅಷ್ಟೇ ರಿ.’

‘ಇದು ಹೇಳಿಕಿ ಅಲ್ಲ, ತಾರ್, ಟೆಲಿಗ್ರಾಂ. ತಾರ್ ಆಫೀಸ್ ಆ ಕಡಿ ಅದ.’ ಚಾಚಿಯ ಕಡೆ ತಿರುಗಿ, ‘ನಿಮ್ಮ ಸಾಕ್ಷಿ ಶಬ್ದಕ್ಕ ಒಂದಾಣೆ ಕೊಡ್ತಾರೇನ್ರಿ?’ ಎಂದ. ಚಾಚಿ ನಗಲಿಲ್ಲ. ಅವನೂ ನಗುವುದು ಬಿಟ್ಟು ಪೆನ್ನು ತೆಗೆದ. ‘ಹೇಳ್ರಿ. ಮೂಟ್ಯಾಗ ಏನಿತ್ತು?’

‘ಬಟ್ಟಿ. ಆಸ್ಪತ್ರೀದು. ಅವ್ವನ ಏಪ್ರನ್ನಿಂದು.’

‘ನಿಮಗ ಹ್ಯಾಂಗ ಗೊತ್ತು?’

‘ನಾನೇ ಅಳತಿ ಹಿಡದಿದ್ದೆ. ಆ ವಾರ ಅವ್ವ ಸೊರಗಿದ್ದಳು. ಹಳೇ ದಾರ ನಡೆಯಲ್ಲ ಅಂತ ಹೊಸಾದು ಮಾಡಿದ್ರು.’

ಅವನು ಪೆನ್ನು ನಿಲ್ಲಿಸಿದ. ‘ಹೊಸಾ ಅಳತಿ? ಓಡಿ ಹೋಗಾವ ಹೊಸಾ ಅಳತಿ ತಗೋತಾನೇನು? ಇದನ್ನ ಯಾಕ ಬಿಟ್ಟಿ ತಾಯಿ ನೀನು? ಏನು ಓದೀರಿ ನೀವೆಲ್ಲಾ?’ ಬಹುವಚನ ಹೋಗಿ, ಏಕವಚನ ಬಂದು, ಮತ್ತೆ ಬಹುವಚನವಾಯಿತು. ‘ಇರ್ಲಿ. ಕವಲಿನ್ಯಾಗ ನೀವು ಯಾಕಿದ್ರಿ?’

ನಾನು ಅವನ ಪೆಟ್ಟಿಗೆಯ ಮೇಲಿನ ನಕಲನ್ನು ತೆಗೆದು ಮಡಚಿದೆ.

‘ಎಷ್ಟು ದೂರ ಇದ್ರು? ಹತ್ರ ಇದ್ರಾ? ಹತ್ರ ಇದ್ರ ಏನರ ಮಾತಾಡ್ಸಿರಬೇಕಲ್ಲ?’

ಚಾಚಿ ನನ್ನನ್ನೇ ನೋಡುತ್ತಿದ್ದಳು. ‘ನಾಳೆ ನಾನೇ ಬರ್ದು ತರ್ತೇನಿ ರಿ’ ಎಂದು ಎದ್ದೆ.

ಆ ದಿನವನ್ನು ನನ್ನ ತಲೆ ಎರಡು ಶೈಲಿಯಲ್ಲೂ ಇಟ್ಟುಕೊಂಡಿದೆ. ಎರಡೂ ಸರಿಯಿಲ್ಲ. ನನಗೆ ಹದಿನೈದು. ಆಸ್ಪತ್ರೆಯ ವರಾಂಡದಲ್ಲಿ ಒಂದು ವಾರದಿಂದ ಜೀವ ಉಳಿಸಿಕೊಳ್ಳಲು ಬಂದ ಜನ ತುಂಬಿದ್ದರು, ಅವರಲ್ಲಿ ಚಾಚಾನೂ ಒಬ್ಬ. ಊರು ಸ್ವಲ್ಪ ತಣ್ಣಗಾಯಿತು ಅನ್ನಿಸಿದ ಬೆಳಿಗ್ಗೆ ಅವನು ಹೊರಟ. ‘ಇನ್ನೆರಡು ದಿನ ನಿಲ್ರಿ’ ಎಂದಳು ಅವ್ವ. ‘ಮಷೀನ್ ಮನ್ಯಾಗದ ನರ್ಸ್ ಬಾಯಿ, ಆಕಿನೂ ಒಬ್ಬಾಕಿ ಅದಾಳ’ ಎಂದ. ಅಳತೆ ತೆಗೆದುಕೊಂಡ, ಬಟ್ಟೆ ಕಟ್ಟಿಕೊಂಡ, ಹೋದ. ಸ್ವಲ್ಪ ಹೊತ್ತಿಗೆ ಹೊಳೆಯ ಆ ಕಡೆಯಿಂದ ಒಂದು ಗಾಡಿ ಗಾಯಾಳುಗಳನ್ನು ತಂದಿತು. ಗಾಡಿಯವನು ಅವ್ವನ ಕಿವಿಯಲ್ಲಿ ಏನೋ ಹೇಳಿದ. ಅವ್ವ ನನ್ನ ಹೆಗಲು ಹಿಡಿದು, ‘ಓಡು. ಚಾಚಾನ ಕರ್ಕೊಂಡು ಬಾ. ದಾರಿ ಚಲೋ ಇಲ್ಲಂತ’ ಎಂದಳು.

ಓಡಿದೆ. ಬೇವಿನ ಮರದ ಹತ್ತಿರ ಅವನು ಕಂಡ, ಬೆನ್ನು. ಮರದ ಕೆಳಗೆ ನಾಲ್ಕೈದು ಗಂಡಸರು ಕೂತಿದ್ದರು. ಅವರ ಕೈಯಲ್ಲಿ ಬಡಿಗೆ ಇದ್ದವೋ, ಆಮೇಲೆ ನಾನೇ ಕೊಟ್ಟೆನೋ ಗೊತ್ತಿಲ್ಲ. ಬೀಡಿ ಇತ್ತು, ಅದು ಖರೆ. ‘ಚಾಚಾ’ ಎಂದು ಕೂಗಿದರೆ ಅವರೆಲ್ಲ ತಿರುಗುತ್ತಾರೆ: ಮೊದಲು ನನ್ನ ಕಡೆ, ಆಮೇಲೆ ಅವನ ಕಡೆ. ಹಾಗೆ ಯೋಚಿಸಿದೆ ಎಂದು ಈಗ ಹೇಳುತ್ತೇನೆ. ಅವನನ್ನು ಉಳಿಸಲೆಂದೇ ಸುಮ್ಮನಿದ್ದೆ ಎಂದೂ ಕೆಲವು ವರ್ಷ ಹೇಳಿಕೊಂಡಿದ್ದೆ. ನಾಚಿಕೆಯೇ ಆಗಿರಬಹುದು, ಗಂಡಸರ ಮುಂದೆ ಕೂಗಿ ಅಭ್ಯಾಸವಿರಲಿಲ್ಲ. ಭಯವಂತೂ ಇತ್ತು. ಅವನು ಎಡಕ್ಕೆ ಸ್ಟೇಷನ್ನಿನ ರಸ್ತೆಯನ್ನು ಬಿಟ್ಟು ಔರಾದ ದಾರಿಗೆ ಇಳಿದ. ಅವನು ಮರೆಯಾಗುವವರೆಗೂ ನಿಂತು ನೋಡಿದೆ, ಅದಕ್ಕೇ ದಾರಿ ಇಷ್ಟು ಖಚಿತವಾಗಿ ಗೊತ್ತು. ಮನೆಗೆ ಬಂದು, ‘ಸಿಗಲಿಲ್ಲ’ ಎಂದೆ.

ಭಾಲ್ಕಿಯಲ್ಲಿ ನಾಲ್ಕು ದಿನ ನಾನು ತಿದ್ದಿ ತಿದ್ದಿ ತೆಗೆದದ್ದು ಇದನ್ನೇ. ಅದನ್ನು ಶೈಲಿ ಎಂದು ಕರೆದೆ. ತೆಳ್ಳಗಿನ ಪುಸ್ತಕದವನನ್ನು ದೂರುವುದಿಲ್ಲ. ತನ್ನ ಕಥೆಯಲ್ಲಿ ಮಗು ಸತ್ತಿದೆ ಎಂದು ಅವನಿಗೆ ಗೊತ್ತು. ಗೊತ್ತಿರುವುದನ್ನು ಓದುವವನ ಕೈಗೆ ಸಿಗುವಷ್ಟು ಹತ್ತಿರ ಮುಚ್ಚಿಟ್ಟಿದ್ದಾನೆ. ನಾನು ಮುಚ್ಚಿಟ್ಟದ್ದು ಯಾರಿಗೂ ಸಿಗಬಾರದೆಂದು. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಮುನ್ಷಿಯನ್ನು ಕಂಡು ಬಂದ ರಾತ್ರಿ ಮನೆಯಲ್ಲಿ ಕೂತು ದಪ್ಪ ಪುಸ್ತಕದವನ ಹಾಗೆ ಬರೆದೆ. ವರಾಂಡ, ಗಾಡಿ, ಅವ್ವನ ಸೊರಗಿದ ತೋಳು, ದಾರ, ಎಷ್ಟು ಗಂಟು, ಬಟ್ಟೆಯ ಬಣ್ಣ, ಬೀಡಿ. ಒಂದು ಕಡೆ ಬೇವಿನ ಮರ ಸಾಕ್ಷಿಯಾಗಿ ನಿಂತು ನಿಟ್ಟುಸಿರು ಬಿಟ್ಟಿತು ಎಂದೂ ಬರೆದುಬಿಟ್ಟೆ. ಬೆಳಿಗ್ಗೆ ಮುನ್ಷಿ ಓದುತ್ತ ಓದುತ್ತ ಆ ಸಾಲಿಗೆ ಬಂದು, ‘ಈ ಗಿಡಕ್ಕ ಸಮನ್ಸ್ ಕಳಸ್ಬೇಕಾಗ್ತದ’ ಎಂದು ಅಡ್ಡಗೆರೆ ಎಳೆದ. ಉಳಿದದ್ದನ್ನು ಮುಟ್ಟಲಿಲ್ಲ. ಕೊನೆಯ ಸಾಲುಗಳನ್ನು ಎರಡು ಸಲ ಓದಿದ: ‘ಅವರನ್ನು ಕರೆತರಲು ತಾಯಿ ನನ್ನನ್ನು ಕಳಿಸಿದ್ದರು. ನಾನು ಕರೆಯಲಿಲ್ಲ. ತಾಯಿಗೆ ಸುಳ್ಳು ಹೇಳಿದೆ.’ ನನ್ನ ಕಡೆ ನೋಡದೆ ಕೇಳಿದ, ‘ಇದು ಇರ್ಲಾ?’

‘ಇರ್ಲಿ ರಿ. ಇಲ್ಲಂದ್ರ ನಾ ಅಲ್ಲಿ ಯಾಕಿದ್ದೆ ಅಂತ ಗೊತ್ತಾಗಲ್ಲ.’

ವಿಚಾರಣೆಯ ದಿನ ಅವ್ವ ರಜೆ ಹಾಕಿ ಬಂದಳು. ಬಟ್ಟೆ ಕೊಟ್ಟವಳು ಅವಳೇ ಆದ್ದರಿಂದ ಅವಳೂ ಸಾಕ್ಷಿ. ಒಂದೇ ಬೆಂಚಿನ ಮೇಲೆ ಅವ್ವ, ಚಾಚಿ. ಗುಮಾಸ್ತ ನನ್ನ ಹೇಳಿಕೆಯನ್ನು ಗಟ್ಟಿಯಾಗಿ ಓದಿದ, ಪಟ್ಟಿ ಓದುವವನ ಹಾಗೆ, ಎಲ್ಲ ಸಾಲಿಗೂ ಒಂದೇ ದನಿ. ಕೊನೆಯ ಸಾಲುಗಳೂ ಅದೇ ದನಿಯಲ್ಲಿ ಬಂದು ಹೋದವು. ಅಧಿಕಾರಿ ಅವ್ವನನ್ನು ಕೇಳಿದ, ‘ಬಟ್ಟೆ ನೀವು ಕೊಟ್ಟಿದ್ದು ನಿಜವೇ? ಹೊಸ ಅಳತೆ ತೆಗೆದಿದ್ದು ನಿಜವೇ?’ ಅವ್ವ ಎರಡಕ್ಕೂ ‘ಹೌದ್ರಿ’ ಎಂದಳು. ‘ಮಗಳನ್ನು ಕಳಿಸಿದ್ದು?’ ಅದಕ್ಕೂ ‘ಹೌದ್ರಿ’. ಅವನು ಬರೆದುಕೊಂಡ.

ಹೊರಗೆ ಕೈಪಂಪಿನ ಹತ್ತಿರ ಹುಡುಗಿಯರು ಕೊಡ ಹಿಡಿದು ಸಾಲು ನಿಂತಿದ್ದರು. ಚಾಚಿ ಕಚೇರಿಯ ಮೆಟ್ಟಿಲಿಳಿದು ನಿಂತಳು.

‘ಎಷ್ಟು ದೂರ ಇದ್ರು?’

ನಾನು ಪಂಪಿನ ಕಡೆ ತೋರಿಸಿದೆ. ‘ಇಲ್ಲಿಂದ ಅಲ್ಲಿತನಾ.’

ಅವಳು ಬಹಳ ಹೊತ್ತು ಆ ಕಡೆ ನೋಡಿದಳು. ‘ಕೇಳಸ್ತಿತ್ತು’ ಎಂದಳು. ‘ಅವರ ಕಿವಿ ಚಲೋ ಇದ್ವು.’

ಅವ್ವ ಅವಳ ತೋಳು ಹಿಡಿದು ಬಸ್ಸಿನ ಕಡೆ ನಡೆಸಿದಳು. ನಾನು ಹಿಂದೆ ಹೋದೆ. ನಡುವೆ ಎಷ್ಟು ಹೆಜ್ಜೆ ಬಿಡಬೇಕೆಂದು ತಿಳಿಯಲಿಲ್ಲ.

ಹುಕುಂ ಬರಲು ಎರಡು ತಿಂಗಳಾಯಿತು. ಮನೆ ಚಾಚಿಗೆ ಉಳಿಯಿತು. ಮುನ್ಷಿ ನಕಲು ನನ್ನ ಕೈಗೆ ಕೊಟ್ಟ. ಅದನ್ನು ತೆಗೆದುಕೊಂಡು ಔರಾದಕ್ಕೆ ಹೋದೆ. ಅವಳು ಕಾಗದವನ್ನು ಕಣ್ಣಿಗೊತ್ತಿ ಪೆಟ್ಟಿಗೆಯಲ್ಲಿಟ್ಟಳು, ಚಹಾ ಕೊಟ್ಟಳು, ಸಾಲೆಯಲ್ಲಿ ಎಷ್ಟು ಹುಡುಗಿಯರಿದ್ದಾರೆ ಎಂದು ಕೇಳಿದಳು. ಈಗ ಮಷೀನಿನ ಮೇಲಿನ ಬಟ್ಟೆ ಸರಿಸುತ್ತಾಳೆ ಎಂದು ನಾನು ಕಾದೆ. ಸರಿಸಲಿಲ್ಲ. ರಸ್ತೆಯಲ್ಲಿ ಲಾರಿ ಹೋಯಿತು, ಧೂಳು ಬಂತು.

ಹೊರಡುವಾಗ ಅವಳು ಗೋಡೆಯ ಹತ್ತಿರ ಹೋಗಿ ಮೊಳೆಯೊಂದರಿಂದ ಒಂದೇ ದಾರ ಬಿಡಿಸಿದಳು. ತುದಿಯಲ್ಲಿ ಬಿಳಿ ಚೂರು, ಆಸ್ಪತ್ರೆಯ ಬಟ್ಟೆ.

‘ನಿನ್ನ ಅವ್ವಂದು. ಹಳೇ ಅಳತಿ’ ಎಂದಳು. ‘ಒಯ್ಯಿ. ಇಲ್ಲಿ ಬ್ಯಾಡ.’

ಮತ್ತೆ ಬಾ ಎನ್ನಲಿಲ್ಲ. ನಾನೂ ಬರ್ತೇನಿ ಎನ್ನಲಿಲ್ಲ.

ಬೀದರಿಗೆ ಬಂದು ದಾರವನ್ನು ಅವ್ವನ ಮುಂದೆ ಇಟ್ಟೆ. ಅವಳು ಬೇಳೆ ಆರಿಸುತ್ತಿದ್ದಳು. ದಾರ ಎತ್ತಿ, ತೋಳಿನ ಗಂಟನ್ನು ತನ್ನ ತೋಳಿಗೆ ಹಿಡಿದು ನೋಡಿದಳು. ಬಹಳ ಸಡಿಲವಿತ್ತು. ನನಗೆ ಕೊಟ್ಟು, ‘ಸರಿ ಮಾಡಿ ಹಿಡಿ’ ಎಂದಳು. ಹದಿನೈದರಲ್ಲಿ ಹಿಡಿದ ಹಾಗೆಯೇ ಹಿಡಿದೆ, ಬೆರಳಿನಿಂದ ಚಿವುಟಿ. ಗಂಟು ಹಾಕುವವರು ಇರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತೆ.

‘ಕರೀಬೇಕಾಗಿತ್ತು ನೀ’ ಎಂದಳು ಅವ್ವ. ಮತ್ತೆ ಬೇಳೆಗೆ ಕೈ ಹಾಕಿದಳು.